ಹೊಸನಗರದ ಕಂಪನಿಯೂ ನನ್ನ ದೀರ್ಘಾಕ್ಷರವೂ

ಪರೀಕ್ಷೆ ಬರೆಯುವವರಿಗಿಂತ ಮಾರ್ಕು ಹಾಕುವವರಿಗೆ ಹೆದರಿಕೆ ಜಾಸ್ತಿ ಎಂದರೆ ಯಾರೂ ಒಪ್ಪುವುದಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು. ಈಗಲೂ ಕೆಂಪು ಪೆನ್ನು ಕಂಡರೆ ಅಂಗೈ ಬೆವರುತ್ತದೆ. ಇಂಥವನನ್ನು ಸಾಗರದ ಗೆಳೆಯರು ಒಂದು ಸಮಿತಿಗೆ ಹಾಕಿಕೊಂಡರು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಹುಟ್ಟಿರುವ ಸ್ಟಾರ್ಟಪ್‌ಗಳಲ್ಲಿ ಭರವಸೆಯದೊಂದನ್ನು ಆರಿಸಬೇಕು. ಆರಿಸಿದ ಕಂಪನಿಯ ಸರಕನ್ನು ಒಂದು ಮಳೆಗಾಲ ಮೂರೂ ತಾಲೂಕಿನಲ್ಲಿ ಬಳಸಿ ನೋಡುತ್ತಾರೆ. “ಬೆಂಗ್ಳೂರಿನವ್ರಿಗೆ ಕಾಣದ್ದು ನಮಗೆ ಕಾಣ್ಬೇಕು ಮಾರಾಯ್ರೆ” ಎಂದರು ಅಧ್ಯಕ್ಷರು. ನನಗೆ ಕನ್ನಡಕ ಹಾಕಿದರೂ ಬಸ್ಸಿನ ಬೋರ್ಡು ಕಾಣುವುದಿಲ್ಲ.

ತೀರ್ಥಹಳ್ಳಿಯಲ್ಲಿ ಟೈ ಕಟ್ಟಿದವನೊಬ್ಬ ಪರದೆಯ ಮೇಲೆ ನಲವತ್ತು ಚಿತ್ರ ತೋರಿಸಿದ. ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಎಷ್ಟು ಜನ ನಿಂತಿದ್ದಾರೆಂದು ಮನೆಯಿಂದಲೇ ತಿಳಿಯುವ ಆ್ಯಪ್. ಯಾಕೆ ತಿಳಿಯಬೇಕು ಎಂದು ಕೇಳಲು ಧೈರ್ಯವಾಗದೆ ಹತ್ತಕ್ಕೆ ಎಂಟು ಕೊಟ್ಟೆ.

ಹೊಸನಗರದ ವಿನುತಾಳ ಕಂಪನಿ ಹಿಟ್ಟಿನ ಗಿರಣಿಯ ಮಹಡಿಯ ಮೇಲಿತ್ತು. ಅವಳು, ಅವಳ ಗೆಳತಿ, ಒಂದು ಮೇಜು, ಮೇಜಿನ ಮೇಲೆ ಊಟದ ಡಬ್ಬಿಯಷ್ಟು ಪೆಟ್ಟಿಗೆ. ಕರೆಂಟಿನ ಕಂಬಕ್ಕೆ ಕಟ್ಟಿದರೆ, ತಂತಿಯ ಮೇಲೆ ಮರ ಬಿದ್ದದ್ದು ಯಾವ ಕಂಬಗಳ ನಡುವೆ ಎಂದು ಲೈನ್‌ಮನ್ನನ ಫೋನಿಗೆ ಹೇಳುತ್ತದೆ. ಮೇಗರವಳ್ಳಿಯ ಕಾಡಿನಲ್ಲಿ ಆತ ಅರ್ಧ ದಿನ ನೆನೆಯುತ್ತ ಹುಡುಕುವುದು ತಪ್ಪುತ್ತದೆ. “ಈ ಸಲ ಆಗ್ಲಿಲ್ಲ ಅಂದ್ರೆ ಬಾಗ್ಲು ಹಾಕ್ತೀವಿ ಸರ್” ಎಂದಳು ಗೆಳತಿ. ಕೆಳಗೆ ಗಿರಣಿ ಗುಡುಗುತ್ತಿತ್ತು. ನಾನು ಫಾರಂ ನೋಡಿ ವಿನುತಾಳನ್ನು ಕೇಳಿದೆ: “ಮಳೇಲಿ ಎಲ್ಲಾದ್ರೂ ಕೆಟ್ಟಿದ್ಯಾ?”

“ಇಲ್ಲೆ.”

“ಇಂಥದ್ದನ್ನ ಬೇರೆಯವ್ರು ಎಲ್ಲಾದ್ರೂ ಮಾಡ್ತಾರಾ?”

“ಇಲ್ಲೆ.”

ಅವಳು ಬೆರಳಿನಿಂದ ಮೇಜು ಕುಟ್ಟಿದಳು. ಅಥವಾ ಕುಟ್ಟಲಿಲ್ಲ, ನನ್ನ ತಪ್ಪಿಗೆ ಸಾಕ್ಷಿ ಬೇಕಾಗಿ ಆ ಬೆರಳನ್ನು ಆಮೇಲೆ ನಾನೇ ತಂದಿಟ್ಟಿರಬಹುದು. ಬರೆದದ್ದು ಮಾತ್ರ ಹೀಗೆ: ‘ಇಲ್ಲೇ ಕೆಟ್ಟಿದೆ. ಬೇರೆಯವರೂ ಇಲ್ಲೇ ಮಾಡುತ್ತಾರೆ.’ ಹತ್ತಕ್ಕೆ ಮೂರು. ಮೆಟ್ಟಿಲು ಇಳಿಯುವ ಮೊದಲೇ ಫೋನಿನಲ್ಲಿ ಕಳಿಸಿಬಿಟ್ಟೆ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ, “ನನ್ನ ಕನ್ನಡಕ ಎಲ್ಲಾದ್ರೂ ಕಂಡ್ಯಾ?” “ಇಲ್ಲೆ” ಎಂದಳು. ಅವಳ ತವರಿನ ಮಾತಿನಲ್ಲಿ ‘ಇಲ್ಲೆ’ ಎಂದರೆ ‘ಇಲ್ಲ’. ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳಿಸಿಕೊಂಡ ಮಾತು. ವಿನುತಾ ಹೇಳಿದ್ದೂ ಅದನ್ನೇ; ದೀರ್ಘ ಎಳೆದವನು ನಾನು. ಅಡುಗೆಮನೆಯಲ್ಲಿ ತಿಳಿಯುವ ಭಾಷೆ ಕೈಯಲ್ಲಿ ಫಾರಂ ಇದ್ದರೆ ತಿಳಿಯುವುದಿಲ್ಲವೇ? ನಡೆದದ್ದು ಹೇಳಿದೆ. “ಆ ಕೂಸಿನ ಕಂಪನಿಗೆ ಬೀಗ ಹಾಕಿಕ್ಕಿ ಬಂದ್ರಾ?” ಎಂದಳು.

ಕೂಡಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. “ನಾಳೆ ಪಟ್ಟಿ ಹೊರಡ್ತಿತ್ತಲ್ರೀ! ನಿಮ್ಮ ಕಿವಿ ನಂಬಿ ಕೆಟ್ವಲ್ಲ” ಎಂದರು. ನನ್ನನ್ನು ಸಮಿತಿಯಿಂದ ಬಿಡಿಸಿ ಬೇರೆಯವರನ್ನು ಕಳಿಸಿದರು. ಅವರು ಗಿರಣಿ ನಿಲ್ಲಿಸಿ ಕೇಳಿದರಂತೆ. ವಿನುತಾಳ ಪೆಟ್ಟಿಗೆ ಆಯ್ಕೆಯಾಯಿತು.

ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ನಾನು ಬರೆದದ್ದು ಅವಳಿಗೂ ಗೊತ್ತಾಗಿದೆ. ನಿನ್ನೆ ಧೈರ್ಯ ತಂದುಕೊಂಡು ಫೋನ್ ಮಾಡಿ ಕೇಳಿದೆ, “ಮನಸ್ಸಲ್ಲಿ ಎಲ್ಲಾದ್ರೂ ಸಿಟ್ಟು ಉಳಿದಿದ್ಯೇನಮ್ಮ?”

ಹಿಂದೆ ಗಿರಣಿ ಗುಡುಗುತ್ತಿತ್ತು. “ಇಲ್ಲೆ” ಎಂದಳು.

ಆಗಿನಿಂದ ಆ ಕೊನೆಯ ಅಕ್ಷರ ಎಷ್ಟು ಉದ್ದವಿತ್ತೆಂದು ನೆನಪಿಸಿಕೊಳ್ಳುತ್ತಿದ್ದೇನೆ. ನೆನೆದಷ್ಟೂ ಉದ್ದವಾಗುತ್ತಿದೆ.