ಮೂರು ಇಂಪ್ಲೋರು, ಎರಡು ಬಿಸೀಚು

ಬೆಳಿಗ್ಗೆ ಕಮಲೇಶನ ಮೊಬೈಲಿಗೆ ಬಂದ ಮೆಸೇಜು ಎರಡೇ ಸಾಲಿನದು. ಸೋಮವಾರದಿಂದ ಗುಜರಾತಿನ ವೇರಾವಲ್ ಶಾಖೆಗೆ ವರ್ಗ. ಆಕ್ಷೇಪವಿದ್ದರೆ ಮಧ್ಯಾಹ್ನದೊಳಗೆ ಬರೆದು ತಿಳಿಸಬೇಕು.

ಮೀನು ದೋಣಿಗಳು ಬಂದು ನಿಲ್ಲುವ ದಕ್ಕೆಯ ಕಂಪೆನಿಯಲ್ಲಿ ಹದಿನಾಲ್ಕು ವರ್ಷದಿಂದ ಬೂತಾಯಿ, ಬಂಗುಡೆ ತೂಗಿಸುವ ಸೂಪರ್‌ವೈಸರ್ ಅವನು. ಮನೆಯಲ್ಲಿ ಹೆಂಡತಿ ವಿಜೇತಾಳಿಗೆ ಎಂಟು ತಿಂಗಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಂತ ಬಸಿರು. ನೋಡಿಕೊಳ್ಳಲು ಬೇರೆ ಜನ ಇಲ್ಲ.

ಮ್ಯಾನೇಜರ್ ಮುಖೇಶ್ ಇದೇ ಊರಿನವರು. ಎದುರು ನಿಂತು ವಿಷಯ ಹೇಳಿ, ಕನ್ನಡದಲ್ಲಿ ಎರಡು ಸಾಲು ಗೀಚಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಮನೆಯಿದ್ದ ಬೋಳಾರದ ಓಣಿಯಲ್ಲಿ ತನ್ನ ಕಷ್ಟವನ್ನು ತಾನೊಬ್ಬನೇ ಅನುಭವಿಸುವ ಸ್ವಾತಂತ್ರ್ಯ ಯಾವನಿಗೂ ಇಲ್ಲ. ಕಮಲೇಶ ಜಗಲಿಯಲ್ಲಿ ಕೂತು "ಪ್ಲೀಸ್" ಎಂದು ಬರೆಯುವಷ್ಟರಲ್ಲಿ ಪಕ್ಕದ ಮನೆಯ ಯೋಗೀಶ್ ಇಣುಕಿದ.

"ಎಂತ ಮಾರಾಯ, ಪ್ಲೀಸಾ? ಅದು ಬಸ್ ಕಂಡಕ್ಟರಿಗೆ ಹೇಳುವುದು! ನಾನು ದಮ್ಮಾಮಲ್ಲಿ ಕೆಲಸಕ್ಕಿರುವಾಗ ಒಂದು ಶಬ್ದ ಬರೆದಿದ್ದೆ, ಅರಬ್ಬಿ ಧಣಿ ಕಣ್ಣೊರಸಿಕೊಂಡು ರಜೆ ಕೊಟ್ಟ."

"ಯಾವ ಶಬ್ದ?"

"ಅದು ಈಗ ನೆನಪಿಲ್ಲ."

ನೆನಪಿಲ್ಲದ ಶಬ್ದವನ್ನು ಹುಡುಕಿಕೊಂಡು ನಿವೃತ್ತ ಇಂಗ್ಲಿಷ್ ಟೀಚರ್ ವಿನಿಫ್ರೆಡ್ ಬಾಯಿಯ ಮನೆಗೆ ಸವಾರಿ ಹೊರಟಿತು. ದಾರಿಯಲ್ಲಿ ಮೀನು ಮಾರುವ ಅಪ್ಪಿಯಕ್ಕ ಬುಟ್ಟಿ ಸಮೇತ ಸೇರಿಕೊಂಡಳು.

"ಇಂಪ್ಲೋರ್!" ಟೀಚರ್ ಕನ್ನಡಕ ಏರಿಸಿದರು. "ರಿಕ್ವೆಸ್ಟ್ ಅಂದ್ರೆ ನಿಂತು ಕೇಳುವುದು. ಬೆಗ್ ಅಂದ್ರೆ ಕೈ ಚಾಚುವುದು. ಇಂಪ್ಲೋರ್ ಅಂದ್ರೆ ಕಾಲು ಹಿಡಿದು, ಒದ್ದರೂ ಬಿಡದೆ ಅಳುವುದು. ಅರ್ಥ ಆಯ್ತಾ?"

"ಒಂದೇ ಸಾಕಾ? ಇನ್ನೆರಡು ಹಾಕಿ ಟೀಚರ್ ಬಾಯಿ," ಎಂದಳು ಅಪ್ಪಿಯಕ್ಕ, ಗಿರಾಕಿಗೆ ಕೊಸರು ಹಾಕುವವಳಂತೆ.

ಮೂರು ಬಿತ್ತು. ಅದರ ಮೇಲೆ ಅಷ್ಟೇ ಗೋಗರೆಯುವ ಎರಡು "ಬಿಸೀಚ್". ಕಾಗದ ಸಾವಿನ ಮನೆಯಂತೆ ಗೋಳಾಡತೊಡಗಿತು.

"ಟೀಚರ್, ವಿಜೇತಾಳ ವಿಷಯ..." ಕಮಲೇಶ ಬಾಯಿ ತೆರೆದ.

"ಆಫೀಸಿನ ಕಾಗದದಲ್ಲಿ ಬಸಿರು, ಬಾಣಂತನ ಎಲ್ಲ ಬರೆಯುವುದುಂಟಾ? ನಾಚಿಕೆ ಆಗುವುದಿಲ್ವಾ ನಿನಗೆ?"

ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಸ್ವರ. ಕಮಲೇಶ ತೆಪ್ಪಗೆ ಸಹಿ ಹಾಕಿದ. ಯೋಗೀಶನೇ ಅದರ ಫೋಟೋ ಹೊಡೆದು ಮ್ಯಾನೇಜರಿಗೆ ಕಳಿಸಿದ.

ಸಂಜೆ ಕಂಪೆನಿಯಲ್ಲಿ ಮ್ಯಾನೇಜರ್ ತಮ್ಮ ಕೋಣೆಗೆ ಕರೆದರು. ಅವರ ಮುಖ ಅರಳಿತ್ತು. ಕಮಲೇಶನಿಗೆ ಹೋದ ಜೀವ ಬಂತು.

"ನಿನಗೆ ಇಷ್ಟು ಇಂಗ್ಲಿಷ್ ಬರ್ತದೆ ಅಂತ ಗೊತ್ತೇ ಇರಲಿಲ್ಲ ಮಾರಾಯ! ವರ್ಗದ ಪಟ್ಟಿಯಿಂದ ನಿನ್ನ ಹೆಸರು ಹೊಡೆದು ಹಾಕುವವನಿದ್ದೆ. ವೇರಾವಲಿಗೆ ತೂಗಿಸುವವ ಬೇಡ. ಫಾರಿನ್ ಪಾರ್ಟಿಗಳು ಮೀನು ವಾಪಸ್ ಕಳಿಸುವಾಗ, ತೆಗೊಳ್ಳಿ ಸ್ವಾಮಿ ಅಂತ ಇಂಗ್ಲಿಷಲ್ಲಿ ಗೋಗರೆಯುವ ಜನ ಬೇಕು. ನಿನ್ನ ಕಾಗದ ಓದಿ ಹೆಡ್ಡಾಫೀಸಿನವರು ಕರಗಿ ಹೋದ್ರು. ಯಾಕೆ ಬೇಡ್ತಾನೆ ಅಂತ ಯಾರಿಗೂ ತಿಳೀಲಿಲ್ಲ. ಆದ್ರೆ ಎಂಥ ಬೇಡಿಕೆ! ಆರ್ಡರ್ ಪಕ್ಕಾ ಆಯ್ತು."

"ಸರ್, ಅದು ನಾನು ಬರೆದದ್ದೇ ಅಲ್ಲ!"

ಮುಖೇಶರ ಮುಖ ಸಣ್ಣದಾಯಿತು. "ಬಾಯಿ ಮುಚ್ಚು. ಸಹಿ ನಿನ್ನದು. ಸುಳ್ಳು ಕಾಗದ ಕೊಟ್ಟವ ಅಂತ ಕೆಲಸದಿಂದಲೇ ತೆಗೀತಾರೆ."

ಕಮಲೇಶ ಅವರ ಕಾಲು ಹಿಡಿದ. ವಿಜೇತಾ, ಎಂಟು ತಿಂಗಳು, ಹನ್ನೊಂದು ವರ್ಷ, ಎಲ್ಲ ಒಟ್ಟಿಗೆ ಹೊರಬಂತು. ತುಳು, ಕನ್ನಡ ಎರಡರಲ್ಲೂ ಅತ್ತ.

ಮುಖೇಶ್ ಕಣ್ಣೊರಸಿಕೊಂಡು ಅವನನ್ನು ಎಬ್ಬಿಸಿದರು.

"ಏಳು ಮಾರಾಯ. ಇದರ ಅರ್ಧದಷ್ಟು ವೇರಾವಲಲ್ಲಿ ಅಳು. ಕಂಪೆನಿಯ ಒಂದು ಮೀನೂ ವಾಪಸ್ ಬರ್ಲಿಕ್ಕಿಲ್ಲ."