ಒಂದೂ ಗೆಲ್ಲದ ಟೀಮಿನ ಗೋಲ್‌ಕೀಪರು

ನಗಬಾರದ ಜಾಗದಲ್ಲೇ ನಗು ಬರುವಂಥದ್ದು ಏನಾದರೊಂದು ನಡೆಯುವುದು ನಮ್ಮ ಟೀಮಿನ ಹಣೆಬರಹ. ಇಪ್ಪತ್ತು ವರ್ಷದ ಹಿಂದೆ ಆಳಂದದ ಒಂದು ಹೈಸ್ಕೂಲಿನಲ್ಲಿ ನಾವು ಹನ್ನೊಂದು ಹುಡುಗಿಯರು ಎರಡು ವರ್ಷ ಫುಟ್‌ಬಾಲ್ ಆಡಿದೆವು. ನಾನು ಗೋಲ್‌ಕೀಪರು. ಈಗ ಅಫಜಲಪುರದಲ್ಲಿ ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಅಂಗಡಿಗೆ ಬಂದವರು ಯಾರಾದರೂ "ನೀವು ಫುಟ್‌ಬಾಲ್ ಆಡಿದವರಂತಲ್ರಿ, ಎಷ್ಟು ಮ್ಯಾಚ್ ಗೆದ್ದೀರಿ?" ಎಂದು ಕೇಳಿದರೆ, ನಾನು "ಎಷ್ಟು ಕಾಪಿ ಬೇಕ್ರಿ?" ಎಂದು ಕೇಳುತ್ತೇನೆ.

ನಿಂತ ರೂಢಿ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಮಳೆಗಾಲದ ಮೊದಲಿಗೆ ಅವ್ವ ತೀರಿಕೊಂಡಳು. ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಇಬ್ಬರಿಗೂ ಮಾತು ನಿಂತುಹೋಗಿತ್ತು. ನೀರು ತಂದು, ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಲೆಕ್ಕ ಬಿಡಿಸುವ ಮನಸ್ಸೇ ಉಳಿಯುತ್ತಿರಲಿಲ್ಲ. ಹೋಂವರ್ಕ್ ಮಾಡದವರನ್ನು ಗಣಿತದ ಸರ್ ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದರು. ನಾನು ದಿನಾ ಹೊರಗೆ, ವರಾಂಡದ ಎರಡು ಕಂಬಗಳ ನಡುವೆ.

ಅದೇ ಹೊತ್ತಿಗೆ ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮಿನ ಹೆಸರು ಎಂಟು ದಿನದೊಳಗೆ ಕಳಿಸಬೇಕೆಂದು ಮೇಲಿನಿಂದ ಕಾಗದ ಬಂತು. ನಮ್ಮ ಪಿ.ಟಿ. ಸರ್ ಕಬಡ್ಡಿಯವರು. ಫುಟ್‌ಬಾಲಿನ ನಿಯಮ ಅವರಿಗೆ ಪುಸ್ತಕದಲ್ಲಿ ಓದಿದ್ದಷ್ಟೇ ಗೊತ್ತು. ಓಡಲು ಬರುವ ಹತ್ತು ಹುಡುಗಿಯರನ್ನು ಹೇಗೋ ಹೊಂದಿಸಿದ್ದರು. ಗೋಲ್‌ಕೀಪರ್ ಸಿಕ್ಕಿರಲಿಲ್ಲ. ವರಾಂಡದಲ್ಲಿ ಹೊರಟವರು ನನ್ನ ಮುಂದೆ ನಿಂತರು.

"ಎಷ್ಟೊತ್ತಿಂದ ನಿಂತೀಬೇ?"

"ಎರಡನೇ ಪಿರಿಯಡ್‌ನಿಂದ್ರಿ."

"ಕಾಲು ನೋಯಂಗಿಲ್ಲೇನು?"

"ರೂಢಿ ಆಗ್ಯದ್ರಿ."

ಸರ್ ನೇರ ಕ್ಲಾಸಿನ ಬಾಗಿಲಿಗೆ ಹೋಗಿ ಗಣಿತದ ಸರ್‌ಗೆ, "ಇಕಿನ್ನ ನನಗ ಕೊಟ್ಟುಬಿಡ್ರಿ. ಎರಡು ಕಂಬದ ನಡುವ ತಾಸುಗಟ್ಟಲೆ ನಿಂತಾಳ. ನನಗ ಬೇಕಾದ್ದು ಅಷ್ಟೇ" ಎಂದರು.

ಗಣಿತದ ಸರ್ ಹಲಗೆಯಿಂದ ತಿರುಗಿ ನೋಡಲೂ ಇಲ್ಲ. "ತಗೊಂಡ್ ಹೋಗ್ರಿ. ಇಲ್ಲಿ ದಿನಾ ಸೊನ್ನಿ ತಗೋತಾಳ. ಅಲ್ಲೂ ಸೊನ್ನಿ ತಗೊಂಡ್ರ ನಿಮಗ ಚಲೋನೇ ಆಗ್ತದ."

ಎರಡು ವರ್ಷದಲ್ಲಿ ಒಂದು ಮ್ಯಾಚಿನಲ್ಲೂ ಅವರ ಮಾತು ನಿಜವಾಗಲಿಲ್ಲ.

ಅಫಜಲಪುರದ ಒಂಬತ್ತು

ಮೊದಲ ಮ್ಯಾಚು ಅಫಜಲಪುರದಲ್ಲಿ. ಹಿಂದಿನ ದಿನ ಮಳೆಯಾಗಿ ಮೈದಾನದ ಕರಿಮಣ್ಣು ಹಿಟ್ಟಿನ ಹಾಗೆ ಕಲಸಿಹೋಗಿತ್ತು. ಹತ್ತು ಹೆಜ್ಜೆ ಓಡಿದರೆ ಕಾಲಿಗೆ ಒಂದೊಂದು ಸೇರು ಮಣ್ಣು.

ನಮ್ಮ ಟೀಮಿನಲ್ಲಿ ನಿಜಕ್ಕೂ ಆಡಲು ಬರುತ್ತಿದ್ದವಳು ಒಬ್ಬಳೇ. ನಿಂಬರ್ಗಾದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ರಜೆಯಲ್ಲಿ ಅಪ್ಪನ ಜೋಡಿ ತೊಗರಿ ಹೊಲಕ್ಕೆ ಕೂಲಿಗೆ ಹೋಗಿ ಬೆಳೆದ ಹುಡುಗಿ. ನಾವೆಲ್ಲ ಅವಳನ್ನು ನಿಂಬರ್ಗಾದಾಕಿ ಅಂತಲೇ ಕರೆಯುತ್ತಿದ್ದೆವು. ನನ್ನ ಜೀವದ ಗೆಳತಿ.

ಸರ್ ನಮಗೆ ಎಲ್ಲ ನಿಯಮ ಹೇಳಿದ್ದರು. ಅರ್ಧ ಆಟದ ಮೇಲೆ ಎರಡೂ ಟೀಮು ಜಾಗ ಬದಲಿಸುತ್ತವೆ ಎಂಬುದೊಂದನ್ನು ಮಾತ್ರ, ಅದು ಯಾರಿಗೆ ಗೊತ್ತಿರುವುದಿಲ್ಲ ಎಂದು ಬಿಟ್ಟಿದ್ದರು. ರೆಫರಿ ನನ್ನನ್ನು ಕೈ ಹಿಡಿದು ಆಚೆ ತುದಿಗೆ ಕಳಿಸಿದರು. ಆಗ ನಿಂಬರ್ಗಾದಾಕಿ ನಳದ ಹತ್ತಿರ ಕಾಲು ತೊಳೆಯುತ್ತಿದ್ದಳು. ಬಂದವಳೇ ಬಾಲು ಕಸಿದುಕೊಂಡಳು. ಒಬ್ಬಳನ್ನು ದಾಟಿದಳು, ಇಬ್ಬರನ್ನು ದಾಟಿದಳು, ಸೀದಾ ನನ್ನ ಕಡೆಗೇ ಬಂದಳು. ನಮ್ಮ ಹುಡುಗಿಯರು ಮರ್ಯಾದೆಯಿಂದ ದಾರಿ ಬಿಟ್ಟರು. ನಾನೂ ಸರಿದು ನಿಂತೆ. ಗೋಲಾಯಿತು. ಅವಳು ಕುಣಿದಳು, ನಾನೂ ಕುಣಿದೆ.

"ಯಾಕ ಬಿಟ್ಟೀಬೇ?" ಎಂದು ಸರ್ ಗೆರೆಯ ಆಚೆಯಿಂದ ಕೂಗಿದರು.

"ನಮ್ಮಾಕಿನೇ ಬಂದ್ಲಲ್ರಿ ಸರ್, ಅಡ್ಡ ಹ್ಯಾಂಗ ಹೋಗಲಿ?"

ಒಂಬತ್ತು–ಸೊನ್ನೆಗೆ ಸೋತೆವು. ಬೇವಿನ ಗಿಡದ ಕೆಳಗೆ ಕೂತು ಹನ್ನೊಂದು ಮಂದಿಯೂ ಅತ್ತೆವು. ಸರ್ ಕಾಗದದಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ನಮ್ಮ ನಡುವೆ ಕೂತರು. "ಅಳಬ್ಯಾಡ್ರಿ. ಆ ಒಂಬತ್ತರಾಗ ಒಂದು ನಮ್ಮಾಕಿ ಹೊಡ್ದದ್ದು. ಅವರು ಹೊಡ್ದದ್ದು ಖರೇ ಅಂದ್ರ ಎಂಟೇ."

ಸಂಜೆ ಮನೆಯಲ್ಲಿ ಅಪ್ಪ ತಾನಾಗಿ ಕೇಳಿದರು, "ಏನಾತು ನಿಮ್ಮ ಆಟ?" ಅವ್ವ ಹೋದ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಡೆದದ್ದನ್ನೆಲ್ಲ ಹೇಳಿದೆ. ಸರಿದು ನಿಂತ ಮಾತಿಗೆ ಬಂದಾಗ ಅಪ್ಪ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು. ಒಂದು ಸೋಲಿಗೆ ಅಪ್ಪ ಇಷ್ಟು ನಗುವುದಾದರೆ ಪ್ರತಿ ಸಲ ಸೋಲಬಹುದು ಅನ್ನಿಸಿತು. ಹಾಗೇ ಮಾಡಿದೆವು.

ಯಾವ ಕಾಲು

ಹತ್ತನೆಯ ತರಗತಿಗೆ ಬಂದ ಮೇಲೆ ನಿಂಬರ್ಗಾದಾಕಿಯ ಮನೆಗೆ ಕನ್ಯಾ ನೋಡಲು ಮಂದಿ ಬರತೊಡಗಿದರು. ಅವಳಪ್ಪನಿಗೆ ಎದೆಯ ಬೇನೆ. ಕಣ್ಣು ಮುಚ್ಚುವುದರೊಳಗೆ ಮಗಳನ್ನು ಒಂದು ಮನೆಗೆ ಸೇರಿಸಬೇಕೆಂಬ ಹಟ.

ಮೊದಲನೆಯವರು ಬಂದ ಹಿಂದಿನ ದಿನ ಪ್ರಾಕ್ಟೀಸಿನಲ್ಲಿ ನಾನೇ ಅವಳಿಗೆ ಡಿಕ್ಕಿ ಹೊಡೆದು ಎಡಗಾಲಿನ ಹಿಮ್ಮಡಿ ಉಬ್ಬಿತ್ತು. ಬಂದವರು "ಜರಾ ನಡದ್ ತೋರಸವ್ವಾ" ಅಂದರು. ಪಾಪ, ಕುಂಟುತ್ತ ನಡೆದಳು. ಅವರು ಚಹಾ ಕುಡಿದು "ತಿಳಸ್ತೀವಿ" ಎಂದು ಎದ್ದುಹೋದವರದು ಮತ್ತೆ ಸುದ್ದಿಯಿಲ್ಲ. ನಮಗೆಲ್ಲ ಹಬ್ಬ. ಗಂಡಿನವರನ್ನು ಓಡಿಸುವ ದಾರಿ ಸಿಕ್ಕಿತು ಎಂದು ಮೈದಾನದಲ್ಲಿ ಕುಂಟುವ ಪ್ರಾಕ್ಟೀಸನ್ನೂ ಮಾಡಿಸಿದೆವು.

ತಿಂಗಳ ಮೇಲೆ ಜೇವರ್ಗಿ ಕಡೆಯವರು ಬಂದರು. ಇವಳು ತಲೆ ತಗ್ಗಿಸಿ, ಚಹಾದ ತಾಟು ಹಿಡಿದು, ಬಹಳ ಚೆಂದವಾಗಿ ಕುಂಟಿದಳು. ಆದರೆ ಸಂಬಂಧ ಕೂಡಿಸಲು ಬಂದಿದ್ದ ಹೆಂಗಸು ಹಿಂದಿನ ಸಲವೂ ಬಂದಿದ್ದವಳು.

"ಏನಬೇ," ಎಂದಳು ಆಕೆ, "ಹೋದ ತಿಂಗಳ ಎಡಗಾಲು ಇತ್ತು. ಈಗ ಬಲಗಾಲಿಗಿ ಬಂತೇನು?"

ಗಂಡಿನವರು ಹೊಟ್ಟೆ ಹಿಡಿದು ನಕ್ಕರು. ಅವಳ ಅಪ್ಪನೂ ನಕ್ಕ. ಆ ನಗೆಯಲ್ಲೇ ಮಾತು ಗಟ್ಟಿಯಾಗಿಹೋಯಿತು. ಅವಳಿಗೆ ಹದಿನಾರು ವರ್ಷ.

ಪಿ.ಟಿ. ಸರ್ ಬಸ್ಸು ಹಿಡಿದು ನಿಂಬರ್ಗಾಕ್ಕೆ ಹೋದರು. "ಹದಿನೆಂಟು ತುಂಬಿಲ್ಲ, ಕಾಯ್ದಾಕ ತಪ್ಪಾಗ್ತದ" ಎಂದು ಹೇಳಿ ನೋಡಿದರು. ಅವಳಪ್ಪ ಕೆಮ್ಮುತ್ತ "ಹದಿನೆಂಟು ಆಗೂತನಾ ನಾ ಇರಬೇಕಲ್ರಿ ಸರ್" ಎಂದನಂತೆ. ಅವತ್ತೇ ಪೊಲೀಸ್ ಠಾಣೆಗೆ ಹೋಗಬೇಕಿತ್ತು ಎಂದು ಸರ್ ಆಮೇಲೆ ಎಷ್ಟೋ ವರ್ಷ ನನ್ನ ಮುಂದೆ ಹೇಳಿಕೊಂಡು ನೊಂದದ್ದುಂಟು. ಅವತ್ತು ಅವರು ಗೆದ್ದುಕೊಂಡು ಬಂದದ್ದು ಇಷ್ಟೇ: ಆ ವರ್ಷದ ಕಡೆಯದಾದ ಜೇವರ್ಗಿಯ ಮ್ಯಾಚು ಮುಗಿಯುವ ತನಕ ಹುಡುಗಿ ಆಡಬಹುದು.

ಮರುದಿನ ಅವಳು ಮೈದಾನದ ಮೂಲೆಯಲ್ಲಿ ಅಳುತ್ತ ಕೂತಿದ್ದಳು. ಸರ್ ಹತ್ತಿರ ಹೋಗಿ ಕೂತರು. "ಎರಡೂ ಕಾಲು ಒಂದೇ ನಮೂನಿ ಆಡಸು ಅಂತ ಕಲಿಸಿದಾಂವ ನಾ. ತಪ್ಪು ನಂದೇ ತಂಗಿ" ಎಂದರು.

ಮಾವನ ರುಮಾಲು

ಜೇವರ್ಗಿಯಲ್ಲಿ ಅವಳ ಸಲುವಾಗಿ ಒಂದಾದರೂ ಗೆಲ್ಲಬೇಕೆಂದು ಆಣೆ ಮಾಡಿ ಇಳಿದೆವು. ಆಟ ಮುಗಿಯಲು ಹತ್ತು ನಿಮಿಷ ಇದ್ದಾಗಲೂ ಸೊನ್ನೆ–ಸೊನ್ನೆ. ಅದರಲ್ಲಿ ನನ್ನದೇನೂ ಇಲ್ಲ. ಎರಡೂ ಗೋಲಿನ ಮುಂದೆ ಒಂದೊಂದು ಕೆಸರಿನ ತಗ್ಗಿತ್ತು, ಬಂದ ಬಾಲೆಲ್ಲ ಅದರಲ್ಲಿ ಹೂತು ನಿಲ್ಲುತ್ತಿತ್ತು.

ಅಷ್ಟರಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ನಿಂಬರ್ಗಾದಾಕಿ ಬಾಲು ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು. ಬಲೆ ಇಲ್ಲದ ಗೋಲಿನ ಹಿಂದೆ, ಬಿಳಿ ರುಮಾಲು ಸುತ್ತಿಕೊಂಡು, ಅವಳ ಮಾವನಾಗುವವನು ನಿಂತಿದ್ದ. ಸಂತೆಗೆ ಬಂದವನು ಆಟ ನೋಡಲು ಬಂದಿದ್ದನಂತೆ.

ಅವಳು ಓಡಿಹೋಗಿ ಸರ್ ಹೆಗಲ ಮೇಲಿನ ಟವೆಲ್ ಕಸಿದುಕೊಂಡು ತಲೆ ಮೇಲೆ ಹೊದ್ದು ಬಂದಳು.

"ಏನಿದು?" ಎಂದರು ರೆಫರಿ.

"ಮಾವ ನಿಂತಾರ್ರಿ."

ರೆಫರಿ ಅತ್ತ ನೋಡಿದರು, ಇತ್ತ ನೋಡಿದರು. ಇದಕ್ಕೆ ಯಾವ ನಿಯಮವೂ ನೆನಪಾಗಲಿಲ್ಲವೇನೋ, ಸೀಟಿ ಊದಿಬಿಟ್ಟರು. ಅವಳು ತಲೆ ಎತ್ತದೆ ಒದ್ದಳು. ಬಾಲು ಗೋಲಿನ ಮೇಲಿಂದ ಹಾರಿ ಮಾವನ ತಲೆಗೆ ಬಡಿದು ರುಮಾಲನ್ನು ಕೆಸರಿಗೆ ಕೆಡವಿತು. ಆತ ರುಮಾಲು ಎತ್ತಿ, ಕೊಡವಿ, "ಇಷ್ಟು ಜೋರ್ ಒದಿಯೋ ಸೊಸಿ ಬೇಕೋ ಬ್ಯಾಡೋ, ಮನ್ಯಾಗ ಒಮ್ಮೆ ವಿಚಾರ ಮಾಡಬೇಕಾಗ್ತದ" ಎಂದು ಹೊರಟುಹೋದ.

ಆಮೇಲೆ ನಾವು ಒಂದು ಗೋಲಿಗೆ ಸೋತೆವು. ಆದರೆ ಆಳಂದ ಮುಟ್ಟುವ ತನಕ ಟೆಂಪೋದಲ್ಲಿ ಹಾಡೇ ಹಾಡು. ಸೋತು ಅಷ್ಟು ಖುಷಿಯಾಗಿದ್ದ ಟೀಮು ಇನ್ನೊಂದಿರಲಿಕ್ಕಿಲ್ಲ. ಸಂಬಂಧ ಮುರಿಯಿತು ಎಂದೇ ನಮ್ಮ ಲೆಕ್ಕ.

ಎಂಟು ದಿನಕ್ಕೆ ಮಾವನ ಕಡೆಯಿಂದ ಮಾತು ಬಂತು: "ವಿಚಾರ ಮಾಡೀವಿ. ಕಾಲಾಗ ಕಸುವು ಚಲೋ ಅದ, ಹೊಲದ ಕೆಲಸಕ್ಕ ಇಂಥಾಕಿನೇ ಬೇಕು."

ಚೌಡಾಪುರದ ಬಸ್ಸು

ಪರೀಕ್ಷೆ ಮುಗಿದ ವಾರದಲ್ಲಿ ಅವಳ ಮದುವೆ. ಟೀಮು ಅಲ್ಲಿಗೆ ಮುಗಿಯಿತು. ಮುಂದೆ ಒಬ್ಬೊಬ್ಬರದೂ ಒಂದೊಂದು ಊರು.

ಹನ್ನೆರಡು ವರ್ಷದ ಮೇಲೆ ಒಂದು ದಿನ ನಾನು ಕೂತಿದ್ದ ಬಸ್ಸು ಚೌಡಾಪುರದಲ್ಲಿ ನಿಂತಾಗ ಅವಳು ಹತ್ತಿದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ, ಹಣೆ ಖಾಲಿ. ಗಂಡ ಹೋಗಿ ಆರು ತಿಂಗಳಾಗಿತ್ತು. ನನಗೆ ಮೊದಲೇ ಸುದ್ದಿ ಬಂದಿತ್ತು, ಆದರೆ ಹೋಗಿ ಮಾತಾಡಿಸಲು ಆಗಿರಲಿಲ್ಲ. ಪಕ್ಕಕ್ಕೆ ಕೂಡಿಸಿಕೊಂಡು ಕೈ ಹಿಡಿದುಕೊಂಡೆ.

ಆಗ ಮುಂದಿನ ಸೀಟಿನ ಮುದುಕಿಯ ಚೀಲ ಹರಿದು ನಿಂಬೆಹಣ್ಣು ಬಸ್ಸಿನ ತುಂಬ ಉರುಳಿದವು. ಒಂದು ಹಣ್ಣು ನಮ್ಮ ಕಡೆ ಬಂತು. ಕಂಕುಳ ಕೂಸು ಅಲುಗದ ಹಾಗೆ ಅವಳು ಅದನ್ನು ಪಾದದಲ್ಲಿ ತಡೆದು, ಬೆರಳಿನಿಂದ ಮೇಲೆತ್ತಿ ನನ್ನ ಕಡೆ ಚಿಮ್ಮಿಸಿದಳು. ಎರಡೂ ಕೈ ಚಾಚಿದೆ. ನಡುವಿನಿಂದ ಜಾರಿ ಕಿಟಕಿಯಾಚೆ ಹೋಯಿತು.

"ಇನ್ನೂ ಬಿಡ್ತೀಯಲ್ಲಬೇ!" ಎಂದು ನಕ್ಕಳು. ಆರು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲಂತೆ. ನಿಂಬೆಹಣ್ಣಿನ ಮುದುಕಿ ಮಾತ್ರ ಅಫಜಲಪುರದ ತನಕ ನನ್ನನ್ನು ಬೈದಳು.

ಮಣ್ಣಿನ ದಿನ

ಹೋದ ತಿಂಗಳು ಪಿ.ಟಿ. ಸರ್ ತೀರಿಕೊಂಡರು. ಸುದ್ದಿ ಕೇಳಿ ಆಳಂದಕ್ಕೆ ಬರಲು ಆದದ್ದು ನಮ್ಮಲ್ಲಿ ಏಳು ಮಂದಿಗೆ. ನಿಂಬರ್ಗಾದಾಕಿ ನನಗಿಂತ ಮುಂಚೆ ಬಂದು ಅಂಗಳದಲ್ಲಿ ಕೂತಿದ್ದಳು. ಸರ್‌ಗೆ ಮಕ್ಕಳಿರಲಿಲ್ಲ. ಮನೆಯ ಮುಂದೆ ಅವರನ್ನು ಹಣೆತುಂಬ ವಿಭೂತಿ ಹಚ್ಚಿ, ಹೂವು ಹಾಕಿ ಕೂಡಿಸಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ನಾವು ಅಕ್ಕಾವ್ರು ಎನ್ನುತ್ತಿದ್ದವರು, ಅಳು ಬತ್ತಿ, ತಲೆ ತಗ್ಗಿಸಿ ಕೂತಿದ್ದರು.

ಮಣ್ಣಿಗೆ ಎತ್ತುವ ಮುಂಚೆ ಊರಿನ ಹಿರಿಯರೊಬ್ಬರು ನಾಲ್ಕು ಮಾತಾಡಲು ಎದ್ದರು. ಗಂಟಲು ದೊಡ್ಡದು. ಸರ್ ಬಗ್ಗೆ ಚಲೋ ಮಾತು ಹೇಳುತ್ತ ಹೇಳುತ್ತ ಅವರಿಗೆ ಹುರುಪು ಬಂತು.

"ಇವರು ತಯಾರ್ ಮಾಡಿದ ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮು ಅಂದ್ರ ಸುತ್ತ ಹತ್ತು ತಾಲ್ಲೂಕು ನಡುಗತಿತ್ತು! ಹೋದಲ್ಲೆಲ್ಲ ಗೆಲುವು, ಕಪ್ಪಿನ ಮ್ಯಾಲ ಕಪ್ಪು! ಆ ಚಾಂಪಿಯನ್ನರು ಇಲ್ಲೇ ಕೂತಾರ ನೋಡ್ರಿ!"

ಮಂದಿಯೆಲ್ಲ ನಮ್ಮ ಕಡೆ ತಿರುಗಿದರು. ನಾವು ಏಳೂ ಮಂದಿ ನೆಲ ನೋಡಿದೆವು. ಆಗ ಅಕ್ಕಾವ್ರು ತಲೆ ಎತ್ತಿದರು.

"ಯಪ್ಪಾ, ಜರಾ ನಿಲ್ಲಸ್ರಿ. ಒಂದೂ ಗೆದ್ದಿಲ್ಲ ಇವು. ಸೋತು ಬಂದಾಗೆಲ್ಲ ಅವಲಕ್ಕಿ ಹಚ್ಚಿ ಕೊಟ್ಟಾಕಿ ನಾ. ನನಗ ಗೊತ್ತಿಲ್ಲೇನು? ಅವರು ಜನ್ಮದಾಗ ಸುಳ್ಳು ಹೇಳಿದವರಲ್ಲ. ಈಗ ಸುಳ್ಳು ಹೊರಿಸಿ ಕಳಸಬ್ಯಾಡ್ರಿ."

ಹಿರಿಯರು ಕೆಮ್ಮಿದರು. ಎದ್ದು ನಿಂತಾಗಿದೆ, ಮಾತು ಮುಗಿಸಲೇಬೇಕು. "ಅಂದ್ರ... ಗೆಲ್ಲದಿದ್ರೂ... ಸೋಲೂದ್ರಾಗ ಇವರ ಸಮ ಯಾರೂ ಇದ್ದಿಲ್ಲ ಅಂತ ನಾ ಹೇಳೂದು."

ನಿಂಬರ್ಗಾದಾಕಿ ಸೆರಗು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಅಲುಗಿದ್ದು ನೋಡಿ ನನಗೂ ತಡೆಯಲಾಗಲಿಲ್ಲ. ಏಳೂ ಮಂದಿ ಮುಖ ಮುಚ್ಚಿಕೊಂಡು ಒಬ್ಬರ ಮೇಲೊಬ್ಬರು ಬಿದ್ದೆವು. ನಗು ನಿಲ್ಲಲಿ ಎಂದು ಸರ್ ಮುಖ ನೋಡಿದೆ. ಅಷ್ಟು ಮಂದಿಯ ನಡುವೆ ಅವರು ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದರು. ವರಾಂಡದಿಂದ ನನ್ನನ್ನು ಕರೆದುಕೊಂಡು ಹೋಗುವಾಗ ಈ ಹುಡುಗಿಗೆ ತಾಯಿಯಿಲ್ಲ ಎಂದು ಅವರಿಗೆ ಗೊತ್ತಿತ್ತೋ ಏನೋ, ನಾನು ಒಮ್ಮೆಯೂ ಕೇಳಿರಲಿಲ್ಲ. ಇನ್ನು ಕೇಳುವ ಹಾಗೂ ಇರಲಿಲ್ಲ. ಹೊಟ್ಟೆಯೊಳಗಿನದು ನಗುವಾಗಿ ಉಳಿಯಲಿಲ್ಲ. ನನ್ನ ಅಳು ಬಾಯಿಬಿಟ್ಟು ಹೊರಗೆ ಬಂತು, ಆಮೇಲೆ ನಿಂಬರ್ಗಾದಾಕಿಯದು, ಆಮೇಲೆ ಎಲ್ಲರದು.

ನಮ್ಮ ಹಿಂದೆ ಕೂತಿದ್ದ ಹೆಂಗಸೊಬ್ಬಳು ಪಕ್ಕದ ಮುದುಕಿಯನ್ನು ಕೇಳಿದಳು, "ಯಾರ್ರಿ ಇವರು, ಸರ್ ಬಳಗದವರೇನು?"

ಮುದುಕಿ ನನ್ನ ಬೆನ್ನು ಸವರುತ್ತ ಹೇಳಿದಳು, "ಬಳಗದವರು ಇಷ್ಟು ಅಳತಾರೇನಬೇ? ಇವರು ಸೋತವರು."