ವಿಸರ್ಜನೆಯ ತೊಟ್ಟಿಯಲ್ಲಿ ಒಂದು ದೀಕ್ಷಾಸ್ನಾನ

ಜಯಶೀಲ ಶೆಟ್ಟಿಗೆ ಆ ಭಾನುವಾರ ಆದ ಫಜೀತಿಗೆಲ್ಲ ಕಾರಣ ಶುಕ್ರವಾರ ಬೆಳಿಗ್ಗೆ ಅವನು ಆಡಿದ ಒಂದೇ ಒಂದು ಮಾತು. ಮುಂಬಯಿ ಪಕ್ಕದ ಥಾಣೆಯ ಆಫೀಸಿಗೆ ಹೋಗಲು ಏಳು ನಲವತ್ತೆಂಟರ ಲೋಕಲ್ ರೈಲು ಹಿಡಿಯಬೇಕೆಂದು ಅವನು ಗೇಟು ದಾಟಿ ಓಡುತ್ತಿದ್ದ. ವಾಚ್‌ಮನ್ ಹುಲಗಪ್ಪ ಹಿಂದೆಯೇ ಓಡಿಬಂದು ಏನೋ ಕೇಳಿದ. ನಿಂತು ಕೇಳಿಸಿಕೊಂಡವರಿಗೆ ಡೊಂಬಿವಲಿಯಲ್ಲಿ ಲೋಕಲ್ ಸಿಗುವುದುಂಟೇ? "ಆಯ್ತು ಮಾರಾಯ, ಮಾಡು" ಎಂದು ಜಯಶೀಲ ರಿಕ್ಷಾ ಹತ್ತಿದ. ಹದಿನಾರು ಮನೆಗಳ ಸುಮುಖ ಸೊಸೈಟಿಗೆ ಸೆಕ್ರೆಟರಿಯಾದವನು ದಿನಕ್ಕೆ ಹತ್ತು ಸಲವಾದರೂ ಹೀಗೆ ಹೇಳಬೇಕಾಗುತ್ತದೆ.

ಅದು ಎರಡು ಸಾವಿರದ ಹದಿನಾರರ ಮೇ ತಿಂಗಳು. ಅಣೆಕಟ್ಟು ಬತ್ತಿ ವಾರಕ್ಕೆ ಮೂರು ದಿನ ನಲ್ಲಿ ಬಂದ್. ಶುಕ್ರವಾರ ರಾತ್ರಿ ನಿಂತ ನೀರು ಮತ್ತೆ ಬರುವುದು ಸೋಮವಾರ ರಾತ್ರಿ. ಅಲ್ಲಿಯವರೆಗೆ ಮನೆಮನೆಯ ಡ್ರಮ್ಮು, ಬಕೆಟ್ಟು, ಕುಕ್ಕರಿನಲ್ಲಿ ಸಹ ನೀರು ತುಂಬಿಟ್ಟು ಜನ ಕಾವಲು ಕಾಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಆರೂವರೆಗೆ ಮೂರನೇ ಮಹಡಿಯ ವಿಮಲಾ ಬಂದು ಬಾಗಿಲು ಬಡಿದಾಗ ಜಯಶೀಲನ ಬಾಯಿ ತುಂಬ ಪೇಸ್ಟಿನ ನೊರೆ.

"ಸೆಕ್ರೆಟ್ರಿಯವರೇ, ಎಂತ ನಡೀತಾ ಉಂಟು ಇಲ್ಲಿ? ನಾವು ಲೋಟದ ನೀರಲ್ಲಿ ಮುಖ ತೊಳೀತಾ ಇದ್ದೇವೆ, ಕೆಳಗೆ ನಿಮ್ಮ ವಾಚ್‌ಮನ್ ಆ ಗಣಪತಿ ವಿಸರ್ಜನೆಯ ತೊಟ್ಟಿಗೆ ಪೈಪು ಬಿಟ್ಟು ಕೂತಿದ್ದಾನೆ! ಕೇಳಿದ್ರೆ ನೀವೇ ಪರ್ಮಿಷನ್ ಕೊಟ್ಟದ್ದು ಅಂತಾನೆ."

ನೊರೆ ಉಗುಳಲೂ ನೀರು ಲೆಕ್ಕ ಹಾಕಬೇಕಾಗಿದ್ದ ಕಾಲ. ಜಯಶೀಲ ಅದನ್ನು ನುಂಗಿಯೇ ಪಂಚೆ ಎತ್ತಿ ಕಟ್ಟಿ ಕೆಳಗೆ ಓಡಿದ.

ಕಾಂಪೌಂಡಿನ ಮೂಲೆಯಲ್ಲಿ ಸೊಸೈಟಿಯವರು ಗಣಪತಿ ವಿಸರ್ಜನೆಗೆಂದು ಕಟ್ಟಿಸಿದ ಸಿಮೆಂಟಿನ ತೊಟ್ಟಿ ಇತ್ತು. ವರ್ಷಕ್ಕೊಮ್ಮೆ ಗಣಪತಿ ಮುಳುಗಿ, ಉಳಿದ ದಿನ ಅದರಲ್ಲಿ ಪಾರಿವಾಳ ನಿದ್ದೆ ಮಾಡುತ್ತಿತ್ತು. ಈಗ ಅದನ್ನು ಉಜ್ಜಿ ತೊಳೆದು, ಟೆರೇಸಿನ ಟಾಂಕಿಯಲ್ಲಿ ತುರ್ತಿಗೆಂದು ಉಳಿಸಿದ್ದ ನೀರಿಗೆ ಪೈಪು ಎಳೆದು ಹುಲಗಪ್ಪ ತಂದು ಬಿಟ್ಟಿದ್ದ. ವಿಮಲಾ ಆಗಲೇ ನಲ್ಲಿ ತಿರುಗಿಸಿ ನಿಲ್ಲಿಸಿದ್ದರಿಂದ ಪಾದ ಮುಳುಗುವಷ್ಟೇ ತುಂಬಿತ್ತು.

"ಏನಯ್ಯ ಇದು?"

"ಸಾಹೇಬ್ರ, ಶುಕ್ರವಾರ ಕೇಳಿದ್ನೆಲ್ರೀ! ನಮ್ಮವ್ವಗ ಇವತ್ತ ದೀಕ್ಷಾಸ್ನಾನ ಐತ್ರಿ. ನೀವು ಆಯ್ತು ಮಾಡು ಅಂದ್ರಿ. ನಾ ಪಾಸ್ಟರಿಗೆ ಫೋನ್ ಹಚ್ಚಿ ಹೇಳೇಬಿಟ್ಟೆ. ಹತ್ತಕ್ಕ ಬರ್ತಾರ್ರಿ."

ಯಾದಗಿರಿ ಕಡೆಯ ಹುಲಗಪ್ಪ ಎರಡು ವರ್ಷದಿಂದ ಕ್ರಿಸ್ತನನ್ನು ನಂಬಿದವನು. ಪ್ರತಿ ಭಾನುವಾರ ಸ್ಟೇಷನ್ನಿನ ಆಚೆಗಿನ ಒಂದು ಬಾಡಿಗೆ ಹಾಲಿನಲ್ಲಿ ಪ್ರಾರ್ಥನೆಗೆ ಹೋಗುತ್ತಿದ್ದ. ಅವನ ತಾಯಿ ಸಾಬವ್ವ ಊರಿನಿಂದ ಬಂದು ತಿಂಗಳಾಗಿತ್ತು. ಈವತ್ತು ಮಧ್ಯಾಹ್ನ ಒಂದೂವರೆಗೆ ಕಲ್ಯಾಣ ಸ್ಟೇಷನ್ನಿನಿಂದ ಊರಿಗೆ ಹೋಗುವ ಅವಳ ಗಾಡಿ. ಪಂಪಿನ ಕೋಣೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇನ್ನೂ ಮಡಿಕೆ ಬಿಡದ ಬಿಳಿ ಸೀರೆಯುಟ್ಟು ಅವಳು ಕೂತಿದ್ದಳು.

ಬೇಡ ಎಂದು ಹೇಳಲೆಂದೇ ಜಯಶೀಲ ಅವಳ ಹತ್ತಿರ ಹೋದ. ಅವಳೇ ಮೊದಲು ಮಾತಾಡಿದಳು.

"ಯಪ್ಪಾ, ನಿನ್ನ ಹೊಟ್ಟಿ ತಣ್ಣಗಿರಲಿ. ನನ್ನ ಗಂಡ ಸತ್ತು ಎರಡು ವರ್ಷಾತು. ಹೋಗೂ ಮುಂಚೆ ಹೊಳ್ಯಾಗ ದೀಕ್ಷಾಸ್ನಾನ ಮಾಡಿ ಹೋದ. ಕುಂತಲ್ಲೇ ನೀರು, ರೊಟ್ಟಿ ಎಲ್ಲಾ ಕೇಳಾಂವ, ಒಬ್ಬಾಂವ ಇರಾಕ ಬರಂಗಿಲ್ಲ ಅಂವಗ. ನಾ ಈ ಸ್ನಾನ ಇಲ್ಲದಂಗ ಸತ್ತು ಬ್ಯಾರೆ ಕಡೆ ಹೋದ್ರ ಅಂವನ್ನ ಯಾರು ನೋಡ್ಕೋತಾರ? ಊರಾಗ ಹೊಳಿ ಬತ್ತೇತಿ. ಹಿಂಗಾಗಿ ಇಲ್ಲೇ ಆಗಬೇಕು."

ಜಯಶೀಲನ ಬಾಯಿಗೆ ಬಂದ 'ಬೇಡ' ಅಲ್ಲೇ ಒಣಗಿತು. ಅವನಿಗೆ ತನ್ನ ತಾಯಿಯ ನೆನಪಾಯಿತು.

ಹತ್ತು ಗಂಟೆಗೆ ಪಾಸ್ಟರ್ ಬಂದರು. ಜೊತೆಗೆ ಎಂಟು ಹತ್ತು ಜನ, ಒಂದು ಡೋಲಕ್ಕು. ಅಷ್ಟರಲ್ಲಿ ಇಡೀ ಸೊಸೈಟಿ ತೊಟ್ಟಿಯ ಸುತ್ತ ಸೇರಿತ್ತು. ಧರ್ಮದ ಗಲಾಟೆ ಎದ್ದರೆ ಏನು ಮಾಡುವುದೆಂದು ಜಯಶೀಲ ಬೆವರಿದ. ಆದರೆ ಯಾರ ಬಾಯಲ್ಲೂ ಧರ್ಮ ಬರಲಿಲ್ಲ. ಎಲ್ಲರಿಗೂ ಬೇಕಾದ್ದು ಒಂದೇ ಲೆಕ್ಕ, ಈ ಕೆಲಸಕ್ಕೆ ಎಷ್ಟು ಬಕೆಟ್ ನೀರು ಹಿಡಿಯುತ್ತದೆ?

"ಸೊಂಟದ ಮಟ್ಟ ಇರಬೇಕು" ಎಂದರು ಪಾಸ್ಟರ್.

"ಸೊಂಟ! ಅಷ್ಟೆಲ್ಲ ಆಗುದಿಲ್ಲ. ಮೊಣಕಾಲು ಮಾಡಿ" ಎಂದಳು ವಿಮಲಾ.

ಎರಡನೇ ಮಹಡಿಯ ಫ್ಲೋರಿನ್ ಬಾಯಿ ಮಂಗಳೂರಿನ ಕ್ಯಾಥೊಲಿಕರು. ಆಗಷ್ಟೇ ಚರ್ಚಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದಿದ್ದರು. "ಮೊಣಕಾಲು ಸಹ ಯಾಕೆ? ನಾನು ಎಂಟು ದಿನದ ಮಗು ಇರುವಾಗ ಹಣೆಗೆ ಮೂರು ಸಲ ನೀರು ಹೊಯ್ದದ್ದು. ಒಂದು ಚೊಂಬು ಸಹ ಆಗಿರ್ಲಿಕ್ಕಿಲ್ಲ. ನಾನೆಂತ ನರಕಕ್ಕೆ ಹೋಗ್ತೇನಾ?"

"ಒಂದು ಚೊಂಬು!" ವಿಮಲಾಳ ಮುಖ ಅರಳಿತು. "ಪಾಸ್ಟರೇ, ಇವರ ಹಾಗೆ ಮಾಡಿ. ಚೊಂಬು ನಾನೇ ಕೊಡ್ತೇನೆ."

ಪಾಸ್ಟರ್ ಸೌಮ್ಯ ಮನುಷ್ಯ. "ಅಮ್ಮಾ, ದೀಕ್ಷಾಸ್ನಾನ ಅಂದ್ರೆ ಹಳೇ ಜೀವನವನ್ನ ಕ್ರಿಸ್ತನ ಜೊತೆ ಹೂಳಿ, ಹೊಸ ಜೀವಕ್ಕೆ ಏಳೋದು. ಹೂಳುವಾಗ ತಲೆ ಮೇಲೆ ಒಂದು ಹಿಡಿ ಮಣ್ಣು ಹಾಕಿ ಮನೆಗೆ ಬರ್ತೀವಾ? ಪೂರ್ತಿ ಮುಳುಗಬೇಕು" ಎಂದರು.

"ಮುಳುಗದಿದ್ರೆ ರಕ್ಷಣೆ ಇಲ್ಲ ಅಂತಲಾ?" ಎಂದು ಜಯಶೀಲ ಕೇಳಿದ.

"ಹಾಗಲ್ಲ ಸಾರ್. ರಕ್ಷಣೆ ನಂಬಿಕೆಯಿಂದ. ಅದು ದೇವರು ಉಚಿತವಾಗಿ ಕೊಡೋದು. ಸಾಬವ್ವ ನಂಬಿದ್ದಾಳೆ."

"ಹಾಗಾದ್ರೆ ನೀರು ಬೇಡ" ಎಂದಳು ವಿಮಲಾ.

"ಬೇಕಮ್ಮ. ನಂಬಿದವರು ದೀಕ್ಷಾಸ್ನಾನ ಪಡೀಬೇಕು ಅಂತ ಪ್ರಭುವಿನ ಆಜ್ಞೆ ಇದೆ."

ಜಯಶೀಲನ ಆಫೀಸಿನ ಫಾರ್ಮುಗಳಲ್ಲಿ ಹೌದು, ಅಲ್ಲ ಎಂದು ಎರಡೇ ಚೌಕ ಇರುತ್ತಿದ್ದವು. ಇಲ್ಲಿ ಎರಡಕ್ಕೂ ಗುರುತು ಹಾಕಬೇಕಾಗಿತ್ತು.

ಅಷ್ಟರಲ್ಲಿ ಸೊಸೈಟಿಯ ಚೇರ್ಮನ್ ಪುಂಡರೀಕಾಕ್ಷ ರಾಯರು ಗಂಟಲು ಸರಿಮಾಡಿಕೊಂಡರು. ಎಪ್ಪತ್ತೆರಡು ವರ್ಷದ ರಾಯರು ಉಡುಪಿಯ ಮಿಶನ್ ಶಾಲೆಯಲ್ಲಿ ಓದಿದವರು. ಆರನೇ ಕ್ಲಾಸಿನಲ್ಲಿ ಕ್ರೈಸ್ತ ಶಾಸ್ತ್ರದ ಪರೀಕ್ಷೆಗೆ ಕೂತು, ಕ್ರೈಸ್ತ ಮಕ್ಕಳನ್ನೆಲ್ಲ ಹಿಂದೆ ಹಾಕಿ ಫಸ್ಟ್ ಪ್ರೈಜ್ ತಂದವರು. ಅರುವತ್ತು ವರ್ಷದಿಂದ ಆ ವಿದ್ಯೆಗೆ ಕೆಲಸ ಸಿಕ್ಕಿರಲಿಲ್ಲ.

"ಪಾಸ್ಟರೇ, ಯೇಸುವಿನ ಪಕ್ಕದ ಶಿಲುಬೆಯಲ್ಲಿ ಒಬ್ಬ ಕಳ್ಳ ಇದ್ದ. ಇವತ್ತೇ ನನ್ನ ಸಂಗಡ ಪರದೈಸಿಗೆ, ಸ್ವರ್ಗಕ್ಕೆ, ಬರ್ತೀಯ ಅಂತ ಅವನಿಗೆ ಮಾತು ಸಿಕ್ಕಿತು. ಅವನಿಗೆ ಯಾರು ನೀರು ಹೊಯ್ದರು?"

ಜನ ಚಪ್ಪಾಳೆ ತಟ್ಟಿದರು. ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದ ಹಾಗೆ ವಿಮಲಾ ಕೈ ಮೇಲೆತ್ತಿದಳು.

ಪಾಸ್ಟರಿಗೂ ಖುಷಿಯಾಯಿತು. "ಸರಿಯಾಗಿ ಹೇಳಿದ್ರಿ ಸಾರ್! ಆದ್ರೆ ಅವನ ಕೈಕಾಲಿಗೆ ಮೊಳೆ ಹೊಡೆದಿತ್ತು. ಇಳಿದು ಬರೋ ಹಾಗಿರಲಿಲ್ಲ. ಸಾಬವ್ವ ನಡೆದು ಬರಬಲ್ಲಳು. ಯೆರೂಸಲೇಮಿನಲ್ಲಿ ಒಂದೇ ದಿನ ಮೂರು ಸಾವಿರ ಜನ ದೀಕ್ಷಾಸ್ನಾನ ಪಡೆದರು, ಗೊತ್ತಲ್ಲ?"

"ಮೂರು ಸಾವಿರ?" ವಿಮಲಾ ಎದೆ ಹಿಡಿದುಕೊಂಡಳು. "ಎಷ್ಟು ಟ್ಯಾಂಕರ್ ತರಿಸಿದ್ರು?"

"ಮತ್ತೆ, ರಥದಲ್ಲಿ ಹೋಗ್ತಿದ್ದ ಆ ಐಥಿಯೋಪ್ಯದ ಅಧಿಕಾರಿ" ಎಂದು ರಾಯರೇ ಹುಮ್ಮಸ್ಸಿನಲ್ಲಿ ಮುಂದುವರಿಸಿದರು. "ಅಡವಿ ದಾರಿಯಲ್ಲಿ ನೀರು ಕಂಡು, ಇಲ್ಲೇ ನನಗೆ ದೀಕ್ಷಾಸ್ನಾನ ಆಗಲಿಕ್ಕೆ ಏನು ಅಡ್ಡಿ ಅಂತ ಕೇಳಿದ."

"ಅದನ್ನೇ ನಾನೂ ಕೇಳೋದು ಸಾರ್" ಎಂದರು ಪಾಸ್ಟರ್. "ಇಲ್ಲಿ ಏನು ಅಡ್ಡಿ?"

ತಾನು ಯಾವ ಪಕ್ಷ ಎಂಬುದನ್ನೇ ರಾಯರು ಮರೆತಿದ್ದರು. ಪಾಸ್ಟರ್ ನಕ್ಕು ಹೇಳಿದರು, "ಮದುವೆ ಹಾಗೆ ನೋಡಿ. ಮನಸ್ಸು ಕೂಡಿದೆ ಅಂತ ತಾಳಿ ಕಟ್ಟದೆ ಬಿಡ್ತೀರಾ?"

ಜಯಶೀಲನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಆ ಸುಖ ಅರ್ಧ ನಿಮಿಷ ಇತ್ತು.

"ರಿಜಿಸ್ಟರ್ ಮದುವೆ ಉಂಟಲ್ಲ?" ಎಂದಳು ವಿಮಲಾ.

ಗಂಟೆ ಹನ್ನೊಂದು ದಾಟಿತು. ಗಾಡಿಯ ಹೊತ್ತು ಹತ್ತಿರವಾಗುತ್ತಿತ್ತು. ಸಾಬವ್ವ ಯಾರ ಮಾತಿಗೂ ಕಿವಿಗೊಡದೆ, ಪಾದ ಮುಳುಗುವಷ್ಟಿದ್ದ ಆ ನೀರನ್ನೇ ನೋಡುತ್ತಾ ಕೂತಿದ್ದಳು. ಜಯಶೀಲನಿಗೆ ಅವಳ ಮುಖ ನೋಡಲಾಗಲಿಲ್ಲ. ಶಾಸ್ತ್ರ ಏನಾದರೂ ಹೇಳಲಿ, ಮಾತು ಕೊಟ್ಟವನು ತಾನು. ಅವನು ಮೇಲೆ ಹೋಗಿ ತನ್ನ ಬಚ್ಚಲಿನ ಎರಡು ಡ್ರಮ್ಮಿನಿಂದ ಬಕೆಟ್ ಬಕೆಟ್ ನೀರು ಹೊತ್ತು ತಂದು ತೊಟ್ಟಿಗೆ ಸುರಿಯತೊಡಗಿದ.

"ಎಂತ ತಲೆ ಕೆಟ್ಟಿದಾ ನಿಮಗೆ? ನಾಳೆ ರಾತ್ರಿವರೆಗೆ ನಾವೆಂತ ಮಾಡುದು?" ಎಂದು ಹೆಂಡತಿ ಜಯಲತಾ ಮೆಟ್ಟಿಲಿನಲ್ಲೇ ಅಡ್ಡ ನಿಂತಳು. ಅವನು ಪಕ್ಕದಿಂದ ನುಸುಳಿದ.

ಇಪ್ಪತ್ತು ಸಲ ಮೂರು ಮಹಡಿ ಹತ್ತಿ ಇಳಿದು ಏದುಸಿರು ಬಿಡುತ್ತಿದ್ದ ಸೆಕ್ರೆಟರಿಯನ್ನು ಕಂಡು ಜನಕ್ಕೆ ನಾಚಿಕೆಯಾಯಿತು. ಮೊದಲು ಫ್ಲೋರಿನ್ ಬಾಯಿ ಎರಡು ಬಕೆಟ್ ತಂದರು. ಆಮೇಲೆ ರಾಯರು. ಕೊನೆಗೆ ವಿಮಲಾಳೂ ತಂದಳು, ಒಂದು ಕರಾರಿನ ಮೇಲೆ. ಕೆಲಸ ಮುಗಿದ ಮೇಲೆ ಪ್ರತಿ ಮನೆಗೂ ಎರಡು ಬಕೆಟ್ ವಾಪಸ್ ಕೊಡಬೇಕು, ಸಂಡಾಸಿಗಾದರೂ ಆಗುತ್ತದೆ.

"ಹಾಗೆ ಬಳಸಿದ್ರೆ ನಿಮಗೆ ಪಾಪ ಇಲ್ವಾ?" ಎಂದು ಅವಳು ಪಾಸ್ಟರನ್ನು ಕೇಳಿದಳು.

"ಇಲ್ಲಮ್ಮ. ನೀರು ನೀರೇ. ನೀರಿನಲ್ಲಿ ಏನೂ ಇಲ್ಲ."

"ಏನೂ ಇಲ್ಲದ್ದಕ್ಕೆ ಇಷ್ಟೆಲ್ಲ ಹೊತ್ತೆವಾ?" ಎಂದು ಜಯಶೀಲ ಗೊಣಗಿದ. ಉತ್ತರ ಕೇಳುವಷ್ಟು ಉಸಿರು ಅವನಲ್ಲಿ ಇರಲಿಲ್ಲ.

ತೊಟ್ಟಿ ತೊಡೆಯ ಮಟ್ಟ ತುಂಬಿತು. ಡೋಲಕ್ಕು ಶುರುವಾಯಿತು. ಪಾಸ್ಟರ್ ಮೊದಲು ಇಳಿದು ಸಾಬವ್ವನ ಕೈ ಹಿಡಿದು ಇಳಿಸಿದರು. "ಸಾಬವ್ವಾ, ಯೇಸುವನ್ನು ನಂಬಿದ್ದೀಯಾ?" "ನಂಬೀನ್ರೀ." ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ಅವರು ಅವಳನ್ನು ಹಿಂದಕ್ಕೆ ಮಲಗಿಸಿದರು. ನೀರು ಅವಳ ಮುಖದ ಮೇಲೆ ಕೂಡಿಕೊಂಡಿತು. ಎಲ್ಲರೂ ಉಸಿರು ಹಿಡಿದರು. ಎದ್ದು ಬಂದ ಸಾಬವ್ವ ಕಣ್ಣು ಬಿಟ್ಟು, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ವಿಮಲಾ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಜಯಶೀಲ ಕಂಡ. ಅವನಿಗೆ ಬಹಳ ಸಂತೋಷವಾಯಿತು. ಜೀವನದಲ್ಲಿ ಮೊದಲ ಸಲ ಸೆಕ್ರೆಟರಿಯಾದದ್ದು ಸಾರ್ಥಕ ಎನಿಸಿತು.

ಅದೇ ಸಂತೋಷದಲ್ಲಿ ಅವನು ಅವಳನ್ನು ಮೇಲೆತ್ತಲು ಕೈ ಚಾಚಿದ. ಸಾಬವ್ವ ಗಟ್ಟಿಯಾಗಿ ಹಿಡಿದಳು. ಒದ್ದೆ ಸಿಮೆಂಟಿನ ಮೇಲೆ ಕಾಲು ಜಾರಿತು. ಸೆಕ್ರೆಟರಿ ತಲೆಕೆಳಗಾಗಿ ತೊಟ್ಟಿಗೆ ಬಿದ್ದು ಪೂರ್ತಿ ಮುಳುಗಿದ. ಪಾಸ್ಟರ್ ಆಶೀರ್ವಾದಕ್ಕೆ ಎತ್ತಿದ ಕೈ ಇನ್ನೂ ಹಾಗೆಯೇ ಇತ್ತು. ಹಾಡುತ್ತಿದ್ದವರು ಅಭ್ಯಾಸಬಲದಿಂದ "ಹಲ್ಲೆಲೂಯಾ!" ಎಂದು ಕೂಗಿದರು.

ಎಷ್ಟು ಉಜ್ಜಿದರೂ ತಳದಲ್ಲಿ ಉಳಿದಿದ್ದ ಹೋದ ವರ್ಷದ ಗಣಪತಿಯ ಮಣ್ಣು ಕಿವಿಗೆ, ತಲೆಗೆ ಮೆತ್ತಿಕೊಂಡು ಜಯಶೀಲ ಎದ್ದ. ಅವನ ಜೀವ ಹಾರಿಹೋಗಿತ್ತು. ಪಾಸ್ಟರ ಕಿವಿಯ ಹತ್ತಿರ ಹೋಗಿ ಪಿಸುಗುಟ್ಟಿದ, "ಸ್ವಾಮೀ, ನಾನೀಗ ಏನು?"

"ನೀವು ನಂಬಿದಿರಾ ಸಾರ್?"

"ಇಲ್ಲ. ಜಾರಿದೆ."

"ಹಾಗಾದ್ರೆ ಒದ್ದೆಯಾದಿರಿ. ಅಷ್ಟೇ" ಎಂದು ಪಾಸ್ಟರ್ ಬೆನ್ನು ತಟ್ಟಿದರು. ಸಾಬವ್ವ ಸೀರೆ ಬದಲಿಸಿ, ಎಲ್ಲರಿಗೂ ಕೈ ಮುಗಿದು, ಮಗನ ಜೊತೆ ರಿಕ್ಷಾ ಹತ್ತಿ ಕಲ್ಯಾಣಕ್ಕೆ ಹೊರಟಳು. ಪಾಸ್ಟರ ತಂಡವೂ ಹೋಯಿತು.

ಜಯಶೀಲ ತಿರುಗಿ ನೋಡಿದ. ಹದಿನೈದು ಮನೆಯವರು ಬಕೆಟ್ ಹಿಡಿದು ಅವನನ್ನೇ ದಿಟ್ಟಿಸುತ್ತಿದ್ದರು. ಬಂತು ಗ್ರಹಚಾರ ಎಂದು ಅವನು ಎರಡೂ ಕೈ ಎತ್ತಿದ. "ನೋಡಿ, ನಾನು ಧರ್ಮ ಬಿಟ್ಟವನಲ್ಲ. ದೇವರಾಣೆ, ಕಾಲು ಜಾರಿದ್ದು. ನಂಬಿಕೆ ಇಲ್ಲದೆ ಮುಳುಗಿದ್ರೆ ಲೆಕ್ಕಕ್ಕಿಲ್ಲ ಅಂತ ಪಾಸ್ಟರೇ..."

"ನಿಮ್ಮ ಧರ್ಮ ಯಾರು ಕೇಳಿದ್ದು?" ಎಂದಳು ವಿಮಲಾ. "ನಾವು ಎರಡು ದಿನದಿಂದ ಬಟ್ಟೆ ಅದ್ದಿ ಮೈ ಒರೆಸ್ತಾ ಇದ್ದೇವೆ. ನೀವು ನಮ್ಮ ಎಲ್ಲರ ಬಕೆಟ್ಟಿನ ನೀರಲ್ಲಿ ತಲೆ ಸ್ನಾನ ಮಾಡಿದ್ರಿ! ಬಿದ್ದ ರಭಸಕ್ಕೆ ಆರು ಬಕೆಟ್ ಹೊರಗೆ ಚೆಲ್ಲಿತು."

ರಾಯರು ಮಧ್ಯೆ ಬಂದರು. "ವಿಮಲಾ, ಮನಸ್ಸಿಲ್ಲದೆ ಮುಳುಗಿದ್ರೆ ಅದು ದೀಕ್ಷಾಸ್ನಾನ ಅಲ್ಲ. ಅದೇ ನ್ಯಾಯದಲ್ಲಿ ಅದು ಸ್ನಾನವೂ ಅಲ್ಲ."

"ಸ್ನಾನಕ್ಕೆ ಮನಸ್ಸು ಯಾಕೆ? ಮೈ ಒದ್ದೆಯಾದ್ರೆ ಆಯ್ತು."

ನಿಂತಲ್ಲೇ ಕೈ ಎತ್ತಿಸಿ ಮತ ಹಾಕಿದರು. ರಾಯರು ಮತ್ತು ಫ್ಲೋರಿನ್ ಬಾಯಿ ಬಿಟ್ಟು ಉಳಿದವರೆಲ್ಲ ಸ್ನಾನವೆಂದೇ ತೀರ್ಮಾನಿಸಿದರು. ಸೆಕ್ರೆಟರಿಯ ಸ್ನಾನ ಆಗಿರುವುದರಿಂದ ಅವರ ಮನೆಗೆ ವಾಪಸ್ ಬರಬೇಕಾದ ಎರಡು ಬಕೆಟ್ ನೀರು ರದ್ದು.

ಎರಡು ಡ್ರಮ್ಮೂ ಹೋಗಿ, ಎರಡು ಬಕೆಟ್ಟೂ ಹೋಗಿ ಜಯಶೀಲ ಮೇಲೆ ಬಂದ. ಬಾಗಿಲು ಹಾಕಿತ್ತು. ಒಳಗಿನಿಂದ ಮಗಳು ನಿಕಿತಾಳ ಧ್ವನಿ ಬಂತು. "ಪಪ್ಪಾ, ಮಮ್ಮಿ ಬೋಲ್ ರಹೀ ಹೈ, ಪೆಹಲೇ ನಹಾ ಕೇ ಆವೋ."

"ಆಯ್ತಲ್ಲ ಮಗಾ ಸ್ನಾನ! ಈಗಷ್ಟೇ ಹದಿಮೂರು ಮನೆಯವರು ಕೈ ಎತ್ತಿ ಹೇಳಿದ್ರು!"

"ಅದೆಂತ ಸ್ನಾನ?" ಎಂದು ಜಯಲತಾ ಕಿಟಕಿಯಿಂದ ಮುಖ ಹಾಕಿದಳು. "ತಲೆ ತುಂಬ ಕೆಸರು ಉಂಟು. ಸರಿಯಾಗಿ ಸ್ನಾನ ಮಾಡದೆ ಒಳಗೆ ಕಾಲಿಡಬೇಡಿ."

"ನೀರು?"

"ನಿಮ್ಮ ತೊಟ್ಟಿಯಲ್ಲಿ ಉಂಟಲ್ಲ. ಅಲ್ಲೇ ಹೋಗಿ."

ಸಭೆಯ ಪ್ರಕಾರ ಅವನ ಸ್ನಾನ ಆಗಿತ್ತು, ಹೆಂಡತಿಯ ಪ್ರಕಾರ ಆಗಿರಲಿಲ್ಲ. ಇದನ್ನು ತೀರ್ಮಾನಿಸಬಲ್ಲ ಪಾಸ್ಟರ್ ಇಷ್ಟು ಹೊತ್ತಿಗೆ ಎಲ್ಲಿಗೆ ತಲುಪಿದ್ದರೋ. ಜಯಶೀಲ ಒಂದೊಂದೇ ಮೆಟ್ಟಿಲು ಇಳಿದು ತೊಟ್ಟಿಯ ಹತ್ತಿರ ಬಂದ. ತಳ ಕಾಣುತ್ತಿತ್ತು. ಎಲ್ಲರೂ ತುಂಬಿಕೊಂಡು ಹೋಗಿಯಾಗಿತ್ತು. ವಿಮಲಾ ಒಬ್ಬಳೇ ಒಳಗೆ ಬಗ್ಗಿ, ಕೊನೆಯ ನೀರನ್ನು ಬಟ್ಟೆಯಿಂದ ಒತ್ತಿ ಬಕೆಟ್ಟಿಗೆ ಹಿಂಡುತ್ತಿದ್ದಳು.

ಅವನನ್ನು ಕಂಡು ಅವಳು ತಲೆ ಎತ್ತಿದಳು. ಅವನ ಪಂಚೆಯಿಂದ ಹನಿ ಹನಿಯಾಗಿ ನೆಲಕ್ಕೆ ಬೀಳುತ್ತಿದ್ದುದನ್ನು ನೋಡಿ ಅವಳ ಮುಖ ಸಣ್ಣಗಾಯಿತು. ಅಯ್ಯೋ ಪಾಪ ಎನ್ನುತ್ತಾಳೆ ಎಂದುಕೊಂಡ ಜಯಶೀಲ.

ವಿಮಲಾ ಬಕೆಟ್ಟನ್ನು ಅವನ ಕಾಲಬುಡಕ್ಕೆ ತಂದಿಟ್ಟಳು.

"ಸುಮ್ಮನೆ ಚೆಲ್ಲಬೇಡಿ ಸೆಕ್ರೆಟ್ರಿಯವರೇ, ಪಂಚೆ ಇದಕ್ಕೆ ಹಿಂಡಿ. ಅದು ಸೊಸೈಟಿ ನೀರು."